ದೊಡ್ಡ ಕೊರಿಯಾ, ಸಣ್ಣ ಕೊರಿಯಾ

ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಆಯುಷ್ಯ ಕಳೆದವನಿಗೆ ಧೂಳು ಬಿಟ್ಟು ಬೇರೇನು ಸಿಕ್ಕೀತು ಎಂದು ಜನ ಕೇಳುತ್ತಾರೆ. ನಗುವಂಥ ಪ್ರಸಂಗಗಳು ಸಿಗುತ್ತವೆ. ಅವೂ ಧೂಳಿನ ಹಾಗೆಯೇ, ಬಾಗಿಲು ಹಾಕಿಕೊಂಡು ಕೂತರೂ ಒಳಗೆ ಬರುತ್ತವೆ. ನನ್ನ ಪಾಡು ಏನೆಂದರೆ, ಇವು ಹೆಚ್ಚಾಗಿ ನಡೆದದ್ದು ಹೆಂಡತಿ ತೀರಿಕೊಂಡ ಮೇಲೆ. ಸಂಜೆ ಮನೆಗೆ ಬಂದು, "ಇವತ್ತೇನಾಯ್ತು ಗೊತ್ತದೇನು?" ಎಂದು ಶುರು ಮಾಡಿದರೆ ಕೇಳುವವರಿರಲಿಲ್ಲ. ಅದಕ್ಕೇ ಈಗ ನಿಮ್ಮನ್ನು ಹಿಡಿದಿದ್ದೇನೆ.

ಅರ್ಧ ಮತ್ತು ಅರ್ಧ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಾಡಿಯ ಹತ್ತಿರದ ನಮ್ಮ ಕಾರ್ಖಾನೆಗೆ ಹೊಸ ಮಷೀನು ಬಂತು. ಅದನ್ನು ಕೂಡಿಸಲಿಕ್ಕೆ ಕೊರಿಯಾ ದೇಶದಿಂದ ಇಬ್ಬರು ಬಂದರು. ಒಬ್ಬರು ಐವತ್ತು ದಾಟಿದವರು, ಇನ್ನೊಬ್ಬ ಇನ್ನೂ ಮೀಸೆ ಸರಿಯಾಗಿ ಬಾರದ ಇಂಜಿನಿಯರ್. ಅವರ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಎರಡೇ ದಿನದಲ್ಲಿ ಇಡೀ ಕಾರ್ಖಾನೆ ಅವರನ್ನು ದೊಡ್ಡ ಕೊರಿಯಾ, ಸಣ್ಣ ಕೊರಿಯಾ ಎಂದು ಕರೆಯತೊಡಗಿತು.

ಮ್ಯಾನೇಜರ್ ಸಾಹೇಬರು ನನ್ನನ್ನು ಕರೆಸಿದರು. "ನಿಮಗ ಇಂಗ್ಲಿಷ್ ಬರ್ತದಲ್ರಿ?"

"ಟೈಪ್ ಮಾಡ್ಲಿಕ್ಕೆ ಬರ್ತದ್ರಿ. ಮಾತಾಡ್ಲಿಕ್ಕೆ ಅರ್ಧಂಬರ್ಧ."

"ಚಿಂತಿಲ್ಲ. ಅವರಿಗೂ ಅರ್ಧಂಬರ್ಧ. ಎರಡೂ ಕೂಡಿಸಿದ್ರ ಒಂದು ಪೂರ್ತಿ ಇಂಗ್ಲಿಷ್ ಆಗ್ತದ."

ಆಮೇಲೆ ಫೈಲಿನಿಂದ ತಲೆ ಎತ್ತದೆ ಇನ್ನೊಂದು ಮಾತು ಹೇಳಿದರು: "ಮತ್ತ ನಿಮಗ ಮನ್ಯಾಗ ದಾರಿ ಕಾಯೋರು ಯಾರೂ ಇಲ್ಲ. ಸಂಜಿಕ ತಡಾ ಆದ್ರೂ ನಡೀತದ."

ಅದನ್ನು ಅವರು ನನ್ನ ವಿದ್ಯಾರ್ಹತೆ ಎಂಬಂತೆ ಹೇಳಿದರು. ನಾನೂ "ಹೌದ್ರಿ" ಎಂದು ಒಪ್ಪಿಕೊಂಡು ಬಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಅರ್ಹತೆಯ ಮೇಲೆ ಸಿಕ್ಕ ಬಡ್ತಿ ಅದೊಂದೇ.

ಗುಡ್ಡ ಮತ್ತು ಬಾವಿ

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ದಿನ ಇಬ್ಬರೂ ಮಾತು ಬಿಟ್ಟರು. ಗೆಸ್ಟ್ ಹೌಸಿನಲ್ಲಿ ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬ ಊಟಕ್ಕೆ ಬರುತ್ತಿದ್ದ. ಮ್ಯಾನೇಜರ್ ಸಾಹೇಬರು ನನ್ನನ್ನು ಮೂಲೆಗೆ ಎಳೆದರು. "ಮಷೀನಿನ್ಯಾಗ ಏನೋ ಐಬು ಕಂಡದ. ಹೇಳಬೇಕೋ ಬ್ಯಾಡೋ ಅಂತ ಜಗಳಾಡ್ಲಿಕತ್ತಾರ. ಹೋಗಿ ಕೇಳ್ರಿ."

ನಾನು ದೊಡ್ಡ ಕೊರಿಯಾನನ್ನು ಕೇಳಿದೆ. ಅವರು ಒಂದು ನಕ್ಷೆಯ ಹಿಂಬದಿಗೆ ಪೆನ್ಸಿಲಿನಿಂದ ಗೆರೆ ಎಳೆದರು. ಗೆರೆ ಮೆಲ್ಲಗೆ ಮೇಲೇರಿ, ತುದಿಗೆ ಹೋಗಿ, ಅಲ್ಲಿಂದ ದಬಕ್ಕನೆ ಕೆಳಗೆ ಬಿತ್ತು. "ವೆರಿ ಬ್ಯಾಡ್," ಎಂದರು.

ಕಾಗದ ಹಿಡಿದು ಓಡಿದೆ. ಮ್ಯಾನೇಜರರ ಮುಖ ಸುಣ್ಣದಂತಾಯಿತು. ನಮ್ಮ ಇಂಜಿನಿಯರುಗಳು ಟೇಬಲ್ಲಿನ ಸುತ್ತ ನೆರೆದರು. ಒಬ್ಬರು ಅದು ಉಷ್ಣತೆ ಎಂದರು, ಇನ್ನೊಬ್ಬರು ಗಾಳಿಯ ಒತ್ತಡ ಎಂದರು, ಮೂರನೆಯವರು ಯಾವುದಕ್ಕೂ ಜನರನ್ನು ಮಷೀನಿನಿಂದ ದೂರ ನಿಲ್ಲಿಸೋಣ ಎಂದರು. ಕಡೆಗೆ ಇಬ್ಬರು ಕೊರಿಯಾದವರನ್ನೂ ಕರೆಸಿದ್ದಾಯಿತು.

ದೊಡ್ಡ ಕೊರಿಯಾ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು, ಗೆರೆಯ ತುದಿಯ ಮೇಲಿಟ್ಟು, "ಸಾಂಗ್," ಎಂದರು. ಗೆರೆ ಕೆಳಗೆ ಬಿದ್ದ ಕಡೆ ಬೆರಳಿಟ್ಟು, "ನೌ ಸಾಂಗ್," ಎಂದರು.

ಅದು ಅವರ ದೇಶದ ಹಾಡಿನ ಏರಿಳಿತ! ಹುಡುಗರು ಗುಂಪು ಕಟ್ಟಿಕೊಂಡು ಕುಣಿಯುತ್ತ ಹಾಡಲಿಕ್ಕೆ ಶುರು ಮಾಡಿದ ದಿನದಿಂದ ಹಾಡು ಹಾಳಾಯಿತು ಎನ್ನುವುದು ಅವರ ವಾದ.

ಸಣ್ಣ ಕೊರಿಯಾ ಕಾಗದವನ್ನು ತಲೆಕೆಳಗೆ ಮಾಡಿ ಹಿಡಿದ. ಗುಡ್ಡ ಇದ್ದದ್ದು ಬಾವಿಯಾಯಿತು, ಗೆರೆ ಬಾವಿಯೊಳಗಿಂದ ಎದ್ದು ಮೇಲಕ್ಕೆ ಹೋಯಿತು. "ವೆರಿ ಗುಡ್," ಎಂದ.

ಮ್ಯಾನೇಜರ್ ಸಾಹೇಬರು ಕುರ್ಚಿಗೊರಗಿ ಕಣ್ಣು ಮುಚ್ಚಿದರು. "ಮಷೀನು ಛಲೋ ಅದ ಅಲ್ರಿ? ಸಾಕು. ಹಾಡು ಎಲ್ಲಿ ಬೇಕಾದ್ರೂ ಬೀಳಲಿ."

ಚಾಚಾನ ತೀರ್ಪು

ಗೆಸ್ಟ್ ಹೌಸಿನ ಅಡುಗೆಯವರು ಶಹಾಬಾದಿನ ಒಬ್ಬ ಚಾಚಾ. ಇಬ್ಬರಿಗೂ ಬೇರೆಬೇರೆ ಹೊತ್ತಿಗೆ ಬಡಿಸಿ ಅವರಿಗೆ ಸಾಕಾಗಿತ್ತು. "ಬಾಬೂ, ಇದೊಂದು ಫೈಸಲಾ ಮಾಡಿಬಿಡ್ರಿ. ನಮಗೆರಡೂ ತಿಳಿಯಂಗಿಲ್ಲ. ಅಂದಮ್ಯಾಲ ಪಕ್ಷಪಾತನೂ ಇರಂಗಿಲ್ಲ," ಎಂದರು.

ಆದಿತ್ಯವಾರ ಅಡುಗೆಮನೆಯಲ್ಲೇ ನ್ಯಾಯ ಕೂಡಿತು. ಟೇಪ್ ರೆಕಾರ್ಡರ್ ತಂದು ರೊಟ್ಟಿಯ ಡಬ್ಬಿಯ ಮೇಲಿಟ್ಟರು. ಮೊದಲು ದೊಡ್ಡ ಕೊರಿಯಾನ ಹಳೆಯ ಹಾಡು. ಒಬ್ಬ ಹೆಂಗಸು ಎಳೆದೆಳೆದು, ಯಾವುದೋ ಊರಿನ ಸ್ಟೇಶನ್ನಿನಲ್ಲಿ ಒಬ್ಬಳೇ ನಿಂತವಳಂತೆ ಹಾಡುತ್ತಿದ್ದಳು. ಅರ್ಥ ಒಂದಕ್ಷರ ತಿಳಿಯದಿದ್ದರೂ ನಾನು ಮುಖ ಮರೆಸಿಕೊಳ್ಳಲು ಕಿಟಕಿಯ ಕಡೆ ತಿರುಗಿದೆ. ಹಾಡು ಮುಗಿದಾಗ ದೊಡ್ಡ ಕೊರಿಯಾ ನೋಡುತ್ತಾರೆ, ಚಾಚಾನ ಎರಡೂ ಕಣ್ಣಲ್ಲಿ ಧಾರಾಕಾರ ನೀರು! ಗೆದ್ದೆ ಎಂದು ಓಡಿ ಹೋಗಿ ಅವರ ಎರಡೂ ಕೈ ಹಿಡಿದು ಕುಲುಕಿದರು, ತಬ್ಬಿಕೊಂಡರು.

ಚಾಚಾ ಅವರ ಭುಜದ ಮೇಲಿಂದ ನನ್ನನ್ನು ನೋಡಿ ಪಿಸುಗುಟ್ಟಿದರು: "ಬಾಬೂ, ಬಿಡಸ್ರಿ ಇವರ್ನ. ನಾ ಉಳ್ಳಾಗಡ್ಡಿ ಹೆಚ್ಚಲಿಕತ್ತಿದ್ದೆ."

ಬಾಗಿಲ ಹಿಂದಿನ ಸದ್ದು

ವಾರಕ್ಕೊಮ್ಮೆ ಸಂಜೆ ನಾನು ದೊಡ್ಡ ಕೊರಿಯಾನನ್ನು ಸ್ಟೇಶನ್ ಹತ್ತಿರದ ಫೋನ್ ಬೂತಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೂತ್ ನಡೆಸುತ್ತಿದ್ದವಳು ಕುರಕುಂಟಾ ಕಡೆಯ ಒಬ್ಬ ಹೆಣ್ಣುಮಗಳು. ಎಲ್ಲರೂ ಅಕ್ಕಾ ಅನ್ನುತ್ತಿದ್ದರು. ಗಾಜಿನ ಪೆಟ್ಟಿಗೆಯಂಥ ಕ್ಯಾಬಿನ್ನು. ಒಳಗೆ ನಿಂತು ದೊಡ್ಡ ಕೊರಿಯಾ ಹೆಂಡತಿಯ ಜೊತೆ ಎರಡು ಮಾತಾಡುತ್ತಿದ್ದರು, ಆಮೇಲೆ ರಿಸೀವರ್ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು.

ಒಂದು ಸಲ ಒಳಗೆ ಕರೆದು ರಿಸೀವರನ್ನು ನನ್ನ ಕಿವಿಗಿಟ್ಟರು. ಅಷ್ಟು ದೂರದಿಂದ ಧಡ್ ಧಡ್ ಎಂದು ಹೊಸ ಕುಣಿತದ ಹಾಡಿನ ಸದ್ದು. "ಮೈ ಡಾಟರ್," ಎಂದರು. ಪರ್ಸಿನಿಂದ ಶಾಲೆಯ ಬಟ್ಟೆ ಹಾಕಿಕೊಂಡ ಹುಡುಗಿಯ ಫೋಟೋ ತೆಗೆದು ತೋರಿಸಿದರು. ತಮ್ಮ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ನಾನು ಕೆಲಸಕ್ಕೆಂದು ದೇಶ ಬಿಟ್ಟಾಗ ಇವಳು ಸಣ್ಣವಳು. ಪ್ರತಿ ಸಲ ಊರಿಗೆ ಹೋದಾಗಲೂ ಇವಳ ಕೋಣೆಯ ಬಾಗಿಲು ಹಾಕಿರುತ್ತದೆ. ಒಳಗೆ ಈ ಹಾಡು. ಫೋನಿಗೆ ಕರೆದರೆ ಬರುವುದಿಲ್ಲ.

ನನ್ನ ಅರ್ಧ ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ಶಬ್ದ ಇರಲಿಲ್ಲ, ಇದ್ದರೆ ಉಳಿದರ್ಧದಲ್ಲಿ ಇರಬೇಕು.

ಹೊರಗೆ ಬಂದಾಗ ಅಕ್ಕ ಕೇಳಿದಳು: "ಯಣ್ಣಾ, ಪ್ರತಿ ವಾರ ನನ್ನ ಫೋನಿನ್ಯಾಗೂ ಡೋಲಿನ ಸಪ್ಪಳ ಕೇಳಸ್ತದಲ್ಲ. ಸಾಹೇಬ್ರ ಮನ್ಯಾಗ ಇನ್ನಾ ಎಷ್ಟು ಮಂದೀದು ಲಗ್ನ ಉಳದಾವ?"

ಕೊರವಂಜಿ

ಕೆಲ ದಿನಗಳ ಮೇಲೆ ಸಣ್ಣ ಕೊರಿಯಾನ ಹೊಸ ಹಾಡಿನ ಕ್ಯಾಸೆಟ್ಟನ್ನು ಗೆಸ್ಟ್ ಹೌಸಿನ ಟೇಪ್ ರೆಕಾರ್ಡರ್ ನುಂಗಿಬಿಟ್ಟಿತು. ಪಾಪ, ಹುಡುಗ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ದೊಡ್ಡ ಕೊರಿಯಾ ನನ್ನ ಮನೆಯ ಬಾಗಿಲಿಗೆ ಬಂದರು. ಕರ್ಚೀಫಿನಲ್ಲಿ ಸುತ್ತಿದ ಕ್ಯಾಸೆಟ್ಟು, ಕರುಳು ಹೊರಗೆ ಬಂದಂತೆ ಅದರ ರೀಲು. "ರಿಪೇರ್. ನೋ ಟೆಲ್," ಎಂದು ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

ಆ ಹೊತ್ತಿಗೆ ನಾನು ಉಣ್ಣಲಿಕ್ಕೆ ಕೂತಿದ್ದೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ನನಗೆ ಇನ್ನೂ ಹದಕ್ಕೆ ಬಂದಿರಲಿಲ್ಲ, ಯಾವಾಗಲೂ ಇಬ್ಬರಿಗಾಗುವಷ್ಟು ಆಗುತ್ತಿತ್ತು. ಅವತ್ತು ಅದು ಉಪಯೋಗಕ್ಕೆ ಬಂತು. ಸಾರು ಅನ್ನ ಉಂಡು ಇಬ್ಬರೂ ಬಸ್ಸು ಹತ್ತಿ ಶಹಾಬಾದಿಗೆ ಹೋದೆವು.

ಕ್ಯಾಸೆಟ್ ಅಂಗಡಿಯವನಿಗೆ ಹೇಳಿದೆ: "ಕೊರಿಯಾ ಹಾಡದರಿ. ಜ್ವಾಕಿ."

"ಕೊರವಂಜಿ ಹಾಡಾ? ಸಿಗ್ತಾವ ತೊಗೋರಿ, ಹೊಸಾದೇ ಕೊಡ್ತೀನಿ. ಇದ್ಯಾಕ ರಿಪೇರಿ ಮಾಡಸ್ತೀರಿ?"

ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅವನು ಪೆನ್ಸಿಲು ತೂರಿಸಿ ರೀಲು ಸುತ್ತಿ, ಹರಿದಲ್ಲಿ ಅಂಟಿಸಿ, ಪರೀಕ್ಷೆಗೆಂದು ಹಚ್ಚಿದ. ದೊಡ್ಡ ಕೊರಿಯಾ ಸ್ಪೀಕರಿಗೆ ಕಿವಿ ಹಚ್ಚಿ, ತುಟಿ ಅಲುಗಿಸುತ್ತ ನಿಂತರು. ಮುಗಿದ ಮೇಲೆ ಬೆರಳೆತ್ತಿ, "ಒನ್ ಮೋರ್," ಎಂದರು. ಮತ್ತೆ ಮುಗಿಯಿತು. ಮತ್ತೆ "ಒನ್ ಮೋರ್." ಈ ಹಾಡಿಗೆ ಬಯ್ಯುತ್ತಿದ್ದವರು ಇವರೇ ಏನು ಎಂದು ನನಗೇ ಅನುಮಾನ ಬಂತು.

ಅಂಗಡಿಯವನು ನನ್ನ ಕಡೆ ಬಗ್ಗಿದ. "ಸಾಹೇಬ್ರ ದೇಶದಾಗ ಇದು ದೇವರ ಹಾಡೇನ್ರಿ? ಹಂಗಿದ್ರ ಚಪ್ಪಲಿ ಬಿಡ್ತೀನಿ."

ಕರೆಂಟು

ರಿಪೇರಿಯಾದ ಕ್ಯಾಸೆಟ್ಟು ಸಣ್ಣ ಕೊರಿಯಾನ ಕೈಗೆ ಬಂದ ಮೇಲೆ ಗೆಸ್ಟ್ ಹೌಸಿನಲ್ಲಿ ಏನೋ ಬದಲಾಯಿತು. ಸಂಜೆಯಾದರೆ ಒಂದು ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಒಳಗೆ ಇಬ್ಬರ ಕಾಲಿನ ಧಡಧಡ. "ಹುಡುಗ ಕಲಸ್ಲಿಕತ್ಯಾನ, ಮುದುಕ ಕಲೀಲಿಕತ್ಯಾನ. ಕೆಳಗ ನನ್ನ ಬ್ಯಾಳಿ ಕುದಿಯವಲ್ದು, ಹೆದರಿಕಿಗೆ," ಎಂದರು ಚಾಚಾ.

ಮುಂದಿನ ಸಲ ಬೂತಿಗೆ ಹೋದಾಗ ದೊಡ್ಡ ಕೊರಿಯಾ ಇಸ್ತ್ರಿಯ ಅಂಗಿ ಹಾಕಿದ್ದರು. ಹಣೆಯಲ್ಲಿ ಬೆವರು. ನಂಬರು ಹಚ್ಚಿ ಹೆಂಡತಿಗೆ ಏನೋ ಹೇಳಿದರು. ಆಕೆ ಫೋನನ್ನು ಮಗಳ ಕಿವಿಗೇ ಹಿಡಿದಿರಬೇಕು. ಇವರು ಒಮ್ಮೆ ಕೆಮ್ಮಿ, ಕಣ್ಣು ಮುಚ್ಚಿ, ಶುರು ಮಾಡಿದರು.

ಐವತ್ತು ದಾಟಿದ, ಕಾರ್ಖಾನೆಯ ಬೂಟು ಹಾಕಿದ ಮನುಷ್ಯ ಆ ಕುಣಿತದ ಹಾಡು ಹಾಡುತ್ತಿದ್ದರು. ಫೋನಿನಲ್ಲಿ ಕಾಣಿಸುವುದಿಲ್ಲ ಎಂಬುದನ್ನೂ ಮರೆತು ಒಂದು ಕೈಯಿಂದ ಕುಣಿತವನ್ನೂ ಮಾಡುತ್ತಿದ್ದರು. ಮೊಣಕೈ ಗಾಜಿಗೆ ಬಡಿಯಿತು, ಮೊಣಕಾಲು ಬಾಗಿಲಿಗೆ ಬಡಿಯಿತು. ರೈಲಿಗೆ ಕಾಯುತ್ತಿದ್ದ ಮಂದಿ ಗಂಟುಮೂಟೆ ಬಿಟ್ಟು ಓಡಿ ಬಂದರು.

ಅಕ್ಕ ಚೀರಿದಳು: "ಯಪ್ಪಾ! ಸಾಹೇಬ್ರಿಗೆ ಕರೆಂಟ್ ಹಿಡದದ!"

ನಾನು ಬೇಡ ಎನ್ನುವುದರೊಳಗೆ ಮೇನ್ ಸ್ವಿಚ್ ಎಳೆದುಬಿಟ್ಟಳು. ಲೈಟು ಹೋಯಿತು, ಫ್ಯಾನು ನಿಂತಿತು. ಗಾಜಿನ ಕ್ಯಾಬಿನ್ನಿನ ಕತ್ತಲೆಯೊಳಗಿಂದ ಹಾಡು ಮಾತ್ರ ನಿಲ್ಲಲಿಲ್ಲ.

"ಕರೆಂಟ್ ತೆಗದ್ರೂ ಬಿಡವಲ್ದಲ್ಲೋ," ಎಂದರು ಒಬ್ಬ ಮುದುಕರು, ಹಿಂದೆ ಸರಿಯುತ್ತ.

ಹಾಡು ಮುಗಿಯಿತು. ಆಮೇಲೆ ರಿಸೀವರಿನೊಳಗಿಂದ, ಹೊರಗೆ ನಿಂತ ನನಗೂ ಕೇಳಿಸುವಷ್ಟು ಜೋರಾಗಿ, ಒಂದು ಹುಡುಗಿಯ ನಗು. ನಗುತ್ತಲೇ ಏನೋ ಹೇಳಿದಳು. ಇವರೂ ಏನೋ ಹೇಳಿದರು. ಮಾತು ಬಹಳ ಹೊತ್ತು ನಡೆಯಿತು. ರೈಲು ಬಂದು ಹೋಯಿತು, ಮಂದಿ ಚದುರಿದರು. ನಾನು ಬೆಂಚಿನ ಮೇಲೆ ಕೂತಿದ್ದೆ. ಅಕ್ಕ, "ನಿಮಗೂ ಯಾರಿಗಾರ ಹಚ್ಚಿಕೊಡಲೇನ್ರಿ?" ಎಂದಳು. ಯೋಚಿಸಿ, "ಇವತ್ತು ಬ್ಯಾಡವಾ," ಎಂದೆ.

ದಾರಿಯುದ್ದಕ್ಕೂ ದೊಡ್ಡ ಕೊರಿಯಾ ನನಗಿಂತ ಮುಂದೆ ಬಿರಬಿರನೆ ನಡೆದರು. ಗೆಸ್ಟ್ ಹೌಸಿಗೆ ಹೋದದ್ದೇ ಸಣ್ಣ ಕೊರಿಯಾನಿಗೆ ತಮ್ಮ ಭಾಷೆಯಲ್ಲಿ ಎಲ್ಲ ಹೇಳಿದರು. ಅವನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದ.

"ಏನಂದಳ್ರಿ ಮಗಳು?" ಚಾಚಾ ಸೌಟು ಹಿಡಿದೇ ಓಡಿ ಬಂದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ.

ಸಣ್ಣ ಕೊರಿಯಾ ಕಣ್ಣೊರೆಸಿಕೊಂಡು ಶಬ್ದ ಹುಡುಕಿ ಹುಡುಕಿ ಹೇಳಿದ. ಮಗಳು ಅಂದದ್ದು ಇಷ್ಟೇ: "ಅಪ್ಪಾ, ಇದೆಲ್ಲ ಹೋದ ವರ್ಷದ ಹಳೇ ಹಾಡು. ಈಗ ಯಾರೂ ಕೇಳಲ್ಲ."

ದೊಡ್ಡ ಕೊರಿಯಾ ಎದೆ ತಟ್ಟಿಕೊಂಡು ಗೆದ್ದವರಂತೆ ನಮ್ಮೆಲ್ಲರನ್ನೂ ನೋಡಿದರು. "ಐ ಟೆಲ್ ಆಲ್ವೇಸ್! ಓಲ್ಡ್ ಸಾಂಗ್, ವೆರಿ ಗುಡ್!"