ತಿರುಗಿಸಿ ನೋಡುವ ಅಕ್ಕ

ನಮ್ಮಕ್ಕನಿಗೆ ದಯವಿಟ್ಟು ಯಾರೂ ಉಡುಗೊರೆ ಕೊಡಬೇಡಿ! ಕೊಟ್ಟರೆ ಅವಮಾನ ನಿಮಗೇ. ಸ್ಟೀಲ್ ಡಬ್ಬಿ ಕೊಟ್ಟರೆ ಮೊದಲು ಬುಡ ಮೇಲೆ ಮಾಡಿ ನೋಡುತ್ತಾಳೆ. ಸೀರೆ ಕೊಟ್ಟರೆ ಒಳಮಗ್ಗುಲು ನೋಡುತ್ತಾಳೆ. ಸಂತೆಗೆ ಇವಳು ಬಂದಳೆಂದರೆ ಟೊಮ್ಯಾಟೊ ಮಾರುವವರು ತಾವೇ ಕ್ರೇಟು ಬಗ್ಗಿಸಿ ಅಡಿಯ ಹಣ್ಣು ತೋರಿಸಿಬಿಡುತ್ತಾರೆ, ಜಗಳವಾದರೂ ಉಳಿಯಲಿ ಅಂತ. ನನ್ನ ಮಗಳ ನಾಮಕರಣದ ದಿನ ತೊಟ್ಟಿಲಲ್ಲಿದ್ದ ಕೂಸನ್ನೂ ಕವುಚಿ ಹಾಕಿ ಬೆನ್ನು ನೋಡಿದಳು!

"ಏನಕ್ಕ, ಮಗೂನೂ ತಿರುಗಿಸಿ ನೋಡ್ತಾರಾ?" ಅಂದೆ.

"ಮೇಲ್ಗಡೆ ಎಲ್ಲಾ ಚೆನ್ನಾಗೇ ಇರ್ತದೆ ಕಣೋ. ಕೊಟ್ಟೋರು ಮುಚ್ಚಿಡೋದು ಅಡೀಲಿ," ಅಂದಳು.

ಕೊಟ್ಟವನು ನಾನೇ ಅಲ್ಲವೇ! ನನ್ನ ಹೆಂಡತಿ ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಅಕ್ಕ ನಮ್ಮೂರ ನಗರಸಭೆಯಲ್ಲಿ ಬೀದಿ ಗುಡಿಸುತ್ತಾಳೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನಾನು ಅಲ್ಲೇ ವರ್ಷವರ್ಷದ ಕರಾರಿನ ಮೇಲೆ ಕಸದ ಆಟೋ ಓಡಿಸುತ್ತೇನೆ. ಊರಿನ ಹೆಸರು ಬೇಡ. ಕೋಲಾರದಿಂದ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ ಅಂದುಕೊಳ್ಳಿ.

ಹೋದ ವರ್ಷ ನಮ್ಮ ಹಾಜರಿ ಪುಸ್ತಕ ತೆಗೆದು, ಗೋಡೆಗೆ ಒಂದು ಡಬ್ಬ ಕೂರಿಸಿದರು. ಎ.ಐ. ಮಿಷನ್ನಂತೆ. ಮುಖ ತೋರಿಸಿದರೆ ಗುರುತು ಹಿಡಿದು ತಾನೇ ಹಾಜರಿ ಹಾಕುತ್ತದಂತೆ. ಕಂಪನಿಯವರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನಗಬೇಡಿ ಅನ್ನುತ್ತಾ ಎಲ್ಲರ ಮುಖಗಳನ್ನೂ ತುಂಬಿಕೊಂಡು ಹೋದರು. ಅಕ್ಕ ಡಬ್ಬದ ಕೆಳಗೆ ಬಗ್ಗಿ ನೋಡಿದಳು. ಸ್ಕ್ರೂ ಹೊಡೆದಿದ್ದರು. ತಿರುಗಿಸಲು ಆಗಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ!

ಶುಕ್ರವಾರ ಬಂತು. ಅಕ್ಕ ಪ್ರತಿ ಶುಕ್ರವಾರದ ಪದ್ಧತಿಯಂತೆ ಕೆನ್ನೆ ತುಂಬ ಅರಿಶಿನ ಬಳಿದು, ಎಂಟಾಣೆಯಗಲ ಕುಂಕುಮ ಇಟ್ಟು ಡಬ್ಬದ ಮುಂದೆ ನಿಂತಳು. "ಗುರುತು ಸಿಗಲಿಲ್ಲ," ಅಂದಿತು ಡಬ್ಬ. ಹತ್ತಿರ ಹೋದಳು, ಹಿಂದೆ ಸರಿದಳು, ಬೈದೂ ನೋಡಿದಳು. "ಗುರುತು ಸಿಗಲಿಲ್ಲ." ಅವತ್ತೂ ಪೇಟೆಬೀದಿ ಪೂರ್ತಿ ಗುಡಿಸಿದಳು, ಹಾಜರಿ ಮಾತ್ರ ಬೀಳಲಿಲ್ಲ. ಮುಂದಿನ ಶುಕ್ರವಾರವೂ ಅದೇ ಕತೆ. ತಿಂಗಳ ಕೊನೆಗೆ ಸಂಬಳ ಬಂದಾಗ ಅದರಲ್ಲಿ ಶುಕ್ರವಾರಗಳೇ ಇರಲಿಲ್ಲ!

"ಅರಿಶಿನ ತೊಳ್ಕೊಂಡು ಬಾಮ್ಮ," ಅಂದರು ಹೆಲ್ತ್ ಇನ್ಸ್‌ಪೆಕ್ಟರ್.

"ಸಾರ್, ಅರಿಶಿನ ನಮ್ಮಜ್ಜಿ ಕಾಲದ್ದು. ಡಬ್ಬ ಮೊನ್ನೆ ಬಂದಿದ್ದು. ನೀವು ಡಬ್ಬಕ್ಕೆ ಬುದ್ಧಿ ಹೇಳಿ."

"ನಾವು ಅದನ್ನ ಮುಟ್ಟಂಗಿಲ್ಲ. ಕಂಪನಿಯೋರು ಸರಿ ಮಾಡ್ಬೇಕು."

"ಕಂಪನಿಯೋರಿಗೆ ಯಾರು ಹೇಳ್ಬೇಕು?"

"ಅದೆಲ್ಲಾ ಕರಾರಲ್ಲಿ ಇರುತ್ತೆ."

"ಹಂಗಾದ್ರೆ ಕರಾರು ತೋರ್ಸಿ."

ಇನ್ಸ್‌ಪೆಕ್ಟರಿಗೆ ಇದ್ದಕ್ಕಿದ್ದಂತೆ ಟೀ ಕುಡಿಯಬೇಕು ಅನ್ನಿಸಿ ಎದ್ದು ಹೋದರು.

ಅಕ್ಕ ಬಿಡುವವಳೇ? ನೇರ ಜೆರಾಕ್ಸ್ ಅಂಗಡಿಯ ಭಾಯಿಯ ಹತ್ತಿರ ಹೋಗಿ ಮಾಹಿತಿ ಹಕ್ಕಿನ ಅರ್ಜಿ ಬರೆಸಿದಳು. ಡಬ್ಬ ಯಾರದು, ಎಷ್ಟು ಕೊಟ್ಟಿರಿ, ಅದು ತಪ್ಪು ಮಾಡಿದರೆ ಯಾರು ಜವಾಬ್ದಾರರು, ನಮ್ಮ ಮುಖಗಳನ್ನು ಎಲ್ಲಿ ಇಟ್ಟಿದ್ದೀರಿ? ಬಹಳ ದಿನ ಓಡಾಡಿಸಿದ ಮೇಲೆ ಒಂದು ದಪ್ಪ ಲಕೋಟೆ ಬಂತು. ಬಿಚ್ಚಿದರೆ ಪುಟಪುಟಕ್ಕೂ ಮಸಿ! "ದರ" ಎಂದು ತಲೆಬರಹ, ಅದರ ಕೆಳಗೆ ಕಪ್ಪು. "ಹೊಣೆಗಾರಿಕೆ" ಎಂದು ತಲೆಬರಹ, ಅದರ ಕೆಳಗೂ ಕಪ್ಪು. ಓದಲು ಬಂದದ್ದು ಪುಟದ ನಂಬರು ಮತ್ತು "ಉಭಯ ಪಕ್ಷಗಳ ಒಪ್ಪಿಗೆಯಂತೆ" ಎಂಬ ಒಂದು ಸಾಲು. ಕಂಪನಿಯ ವ್ಯಾಪಾರದ ಗುಟ್ಟಂತೆ, ಹೊರಗೆ ಬಿಡುವ ಹಾಗಿಲ್ಲವಂತೆ.

"ನನ್ನ ಮಿಷನ್ನಲ್ಲಿ ಇಷ್ಟು ಕಪ್ಪು ಬರೋದೇ ಇಲ್ಲ ಅಕ್ಕಾ," ಅಂದರು ಭಾಯಿ. ಅಕ್ಕ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು, ಬಿಸಿಲಿಗೆ ಹಿಡಿದಳು.

"ಎರಡು ಪಕ್ಷ ಒಪ್ಪಿದಾವಂತೆ. ಮುಖ ಕೊಟ್ಟಿರೋ ನಾವು ಯಾವ ಪಕ್ಷ ಭಾಯಿ?"

ಇಲ್ಲಿ ನನಗೆ ನಗು ಬರುವುದಿಲ್ಲ. ಹೊಟ್ಟೆ ಉರಿಯುತ್ತದೆ. ನಮ್ಮ ಮುಖ ತೆಗೆದುಕೊಳ್ಳುವಾಗ ಯಾರಾದರೂ ಒಂದು ಮಾತು ಕೇಳಿದರೇ? ನಮ್ಮ ಮುಖ ಗುಟ್ಟಲ್ಲ. ಅವರ ಕಾಗದ ಗುಟ್ಟು! ಊರಿನವರು ಕಟ್ಟಿದ ಕಂದಾಯದಲ್ಲಿ ಕೊಂಡ ಡಬ್ಬ, ಅದರ ಬೆಲೆ ಊರಿಗೇ ಗುಟ್ಟು! ಕದ್ದ ಮಾಲಿಗಲ್ಲದೆ ಇಷ್ಟು ಮುಚ್ಚುಮರೆ ಯಾವುದಕ್ಕೆ ಬೇಕು? ಹೀಗೆಂದು ಟೀ ಅಂಗಡಿಯಲ್ಲಿ ಮೇಜು ಗುದ್ದಿ ಗುದ್ದಿ ಮಾತಾಡಿದೆ. ಹೌದು, ಟೀ ಅಂಗಡಿಯಲ್ಲಿ.

ಅಕ್ಕ ಮೇಲ್ಮನವಿ ಹಾಕಿದಳು. ಕೋಲಾರದಲ್ಲಿ ವಿಚಾರಣೆ ಅಂತ ಕಾಗದ ಬಂತು. ಅದಕ್ಕೆ ಸ್ವಲ್ಪ ಮುಂಚೆ ನಾನು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದೆ. ಕೂದಲಿಲ್ಲ, ಮೀಸೆಯಿಲ್ಲ. ಡಬ್ಬ ನನಗೂ "ಗುರುತು ಸಿಗಲಿಲ್ಲ" ಅಂದಿತ್ತು. ಆದರೆ ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನನಗೆ ಬೇಕಾದವನು. ಇನ್ಸ್‌ಪೆಕ್ಟರಿಗೆ ಹೇಳಿ ನನ್ನ ಹಾಜರಿಯನ್ನು ಕೈಯಲ್ಲೇ ಬರೆಸಿಬಿಟ್ಟ. ಅಕ್ಕನಿಗೆ ಇದು ಗೊತ್ತಾಗಿ ಕುಣಿದಾಡಿದಳು.

"ಏಮ್ರಾ ಬೋಳುಗುಂಡೂ, ನೀನೇ ಕಣೋ ನನ್ನ ಸಾಕ್ಷಿ! ಬಾಯಿ ಬಿಡೋದೂ ಬೇಡ, ತಲೆ ತೋರ್ಸು ಸಾಕು!"

ಶುಕ್ರವಾರವೇ ವಿಚಾರಣೆ. ಅಕ್ಕ ಇನ್ನೂ ಒಂದು ಹಿಡಿ ಹೆಚ್ಚಿಗೆ ಅರಿಶಿನ ಬಳಿದು ಬಂದಿದ್ದಳು. ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಇದು ನಿಮ್ಮೊಬ್ಬರ ತೊಂದರೆಯೋ, ಎಲ್ಲರದ್ದೋ? ಎಲ್ಲರದ್ದಾದರೆ ಕರಾರು ಬಿಚ್ಚಿಸಬಹುದು," ಅಂದು ನನ್ನ ಕಡೆ ತಿರುಗಿದರು. "ನಿಮಗೂ ಹೀಗೆ ಆಗಿದೆಯೇನಪ್ಪ?"

ಎದುರಿಗೆ ಇನ್ಸ್‌ಪೆಕ್ಟರ್ ಕೂತಿದ್ದರು. ಒಳಗೆ ಬರುವಾಗ ಬಾಗಿಲ ಹತ್ತಿರ ಮೆಲ್ಲಗೆ, "ನಿನ್ನ ಕರಾರು ಮುಂದಿನ ತಿಂಗಳು ಮುಗಿಯುತ್ತಲ್ವಾ?" ಅಂದಿದ್ದರು. ನೋಡಿ, ನನ್ನ ಕರಾರಿಗೆ ಮಾತ್ರ ಯಾರೂ ಮಸಿ ಬಳಿದಿರಲಿಲ್ಲ!

"ಇಲ್ಲ ಸಾರ್," ಅಂದೆ. "ನನಗೇನೂ ತೊಂದ್ರೆ ಆಗಿಲ್ಲ."

ಬೋಳು ತಲೆ ಹೊತ್ತುಕೊಂಡೇ ಅಂದೆ. ಅಧಿಕಾರಿ ಬರೆದುಕೊಂಡರು. ಒಬ್ಬರ ದೂರು, ಸಾರ್ವಜನಿಕ ಹಿತಾಸಕ್ತಿ ಕಾಣುವುದಿಲ್ಲ, ಕರಾರು ಮುಚ್ಚಿಯೇ ಇರಲಿ.

ವಾಪಸು ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ, ಅವಳ ಪಕ್ಕ ನಾನು. ಈಗ ಬೈಯುತ್ತಾಳೆ, ಈಗ ಕೇಳುತ್ತಾಳೆ ಅಂತ ಕಾದೆ. ಕಂಡಕ್ಟರು ಟಿಕೆಟ್ ಕೊಟ್ಟ. ಅದನ್ನು ತಿರುಗಿಸಿ ಹಿಂಬದಿ ನೋಡಿದಳು. ಕಡಲೆಕಾಯಿ ಪೊಟ್ಟಣ ಕೊಂಡಳು. ಅದನ್ನೂ ತಿರುಗಿಸಿ ನೋಡಿದಳು. ನನ್ನೊಬ್ಬನನ್ನು ಮಾತ್ರ ತಿರುಗಿಸಿ ನೋಡಲಿಲ್ಲ.

ತಡೆಯಲಾಗದೆ, "ಅಕ್ಕ, ಏನಾದ್ರೂ ಕೇಳಕ್ಕ," ಅಂದೆ.

"ನಿನ್ನೇನು ಕೇಳ್ಲಿ? ಮಗು ಇಟ್ಕೊಂಡಿರೋನು," ಅಂದಳು. ಆಮೇಲೆ ಸೆರಗು ಎಳೆದು ನನ್ನ ತಲೆಗೆ ಹೊದಿಸಿದಳು. "ಬೋಳು ತಲೆ. ಗಾಳಿ ಹೊಡೆದ್ರೆ ನೆಗಡಿ ಆಗ್ತದೆ. ಸುಮ್ನೆ ಕಡಲೆಕಾಯಿ ತಿನ್ನು."

ಮನೆಗೆ ಬಂದು ಕನ್ನಡಿ ನೋಡಿದರೆ ತಲೆಯ ತುಂಬ ಅವಳ ಸೆರಗಿನ ಅರಿಶಿನ.

ಅಕ್ಕ ಮತ್ತೊಂದು ಮೇಲ್ಮನವಿ ಹಾಕಿದ್ದಾಳೆ. ಈ ಸಲ ನನ್ನನ್ನು ಕರೆದಿಲ್ಲ. ಕರೆಯದಿದ್ದರೂ ಹೋಗುತ್ತೇನೆ. ಕೂದಲು ಬೆಳೆದುಬಿಟ್ಟಿದೆ, ಅಧಿಕಾರಿ ನಂಬಲಿಕ್ಕಿಲ್ಲ. ಹಿಂದಿನ ದಿನ ಹೋಗಿ ಇನ್ನೊಂದು ಸಲ ಬೋಳಿಸಿಕೊಂಡು ಬರುತ್ತೇನೆ.