ಡಾನ್ ಮಹಾಶಯರ ದರೋಡೆ ಕಾರಿನಲ್ಲಿ ನಮ್ಮಮ್ಮ ಎಚ್ ಹಾಕಿದ್ದರ ಕುರಿತು

ಪಟ್ಟಂ, ತಿರುವನಂತಪುರ

ಬಂದರಿನ ಕ್ರೇನುಗಳಿಂದ ಹಿಡಿದು ಬೇಕರಿಯ ಹಿಂಬಾಗಿಲವರೆಗೆ ಇಡೀ ನಗರವನ್ನು ಕಿರುಬೆರಳಿನ ಉಂಗುರದಿಂದ ಆಳುವವರೂ, ಹಳೆಯ ಸಿನಿಮಾವೊಂದರ ಪರದೆಯಿಂದ ಇಳಿದು ವಿಡಿಯೋ ಗೇಮಿನೊಳಗೆ ಬಂಟರ ಸಮೇತ ಬಿಡಾರ ಹೂಡಿರುವವರೂ ಆದ ಮಾನ್ಯ ಡಾನ್ ಮಹಾಶಯರೇ,

ತಮ್ಮ ಉಂಗುರಕ್ಕೆ ದೂರದಿಂದಲೇ ಮುತ್ತಿಟ್ಟು, ಕೊಚ್ಚಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ (ಎಂದು ಮನೆಯವರು ನಂಬಿರುವ) ಪ್ರಣವ್ ಎಂಬ ತಮ್ಮ ಬಂಟ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಊರಿಗೆ ಹರಿದ ಕೋಟು ತೊಟ್ಟು ಬಂದಿಳಿದ ನಾನು ಅಂಗಡಿ ಬೆದರಿಸಿ, ಲಾರಿ ಕದ್ದು, ಎದುರು ಗುಂಪಿನವರನ್ನು ಸಮುದ್ರದ ಪಾಲು ಮಾಡಿ, ತಮ್ಮ ಬಲಗೈ ಎನಿಸಿಕೊಳ್ಳುವ ಮಟ್ಟಕ್ಕೆ ಬೆಳೆದದ್ದು ತಮಗೆ ತಿಳಿದೇ ಇದೆ. ಬಾಕಿ ಇದ್ದದ್ದು ಒಂದೇ ಒಂದು ಬ್ಯಾಂಕ್ ದರೋಡೆ. ಅದು ಮುಗಿದರೆ ತಮ್ಮ ಚರ್ಮದ ಕುರ್ಚಿಯಲ್ಲಿ ನನ್ನನ್ನು ಕೂರಿಸುವುದಾಗಿ ತಾವೇ ಸಿಗಾರಿನ ಹೊಗೆಯ ನಡುವೆ ಮಾತು ಕೊಟ್ಟಿದ್ದಿರಿ. ಆ ಶುಭಕಾರ್ಯವನ್ನು ಪರೀಕ್ಷೆಯ ಓದಿನ ರಜೆಯಲ್ಲಿ ಸಾವಕಾಶವಾಗಿ ನೆರವೇರಿಸೋಣವೆಂದು, ಹಾಸ್ಟೆಲಿನ ಗೆಳೆಯ ಕಾಸರಗೋಡಿನ ಇಬ್ರಾಹಿಂನಿಂದ ಪೆಡಲುಗಳಿರುವ ಆಟದ ಸ್ಟೀರಿಂಗನ್ನು ಎರವಲು ಪಡೆದು, ಅದನ್ನು ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ತಪ್ಪಾದದ್ದು ಅಲ್ಲೇ.

ಮನೆಯಲ್ಲಿ ಅಮ್ಮ ಇದ್ದಾಳೆ. ಹೆಸರು ಭವಾನಿ, ಊರು ಮೈಸೂರು. ಅಪ್ಪ ವೆಂಕಟರಮಣ ಅವರು ಬಾಹ್ಯಾಕಾಶ ವಿಜ್ಞಾನಿಗಳಾದ್ದರಿಂದ ಇಲ್ಲಿಗೆ ವರ್ಗವಾಗಿ ಬಂದವರು, ಆಫೀಸಿನ ಬಸ್ಸಿನಲ್ಲೇ ಓಡಾಡುವವರು. ನಮ್ಮ ಕಾರು ಫ್ಲ್ಯಾಟಿನ ಕೆಳಗೆ ಹೊದಿಕೆ ಹೊದ್ದು ಮಲಗಿರುತ್ತದೆ, ಅದರ ಕೀಲಿ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿರುತ್ತದೆ. ಎಲ್ಲಿಗಾದರೂ ಹೋಗೋಣ ಎಂದು ಅಮ್ಮ ಕೇಳಿದಾಗಲೆಲ್ಲ ಅಪ್ಪ "ಭಾನುವಾರ ನೋಡೋಣ" ಎನ್ನುತ್ತಾರೆ. ರಾಕೆಟ್ಟುಗಳು ಹೇಳಿದ ಹೊತ್ತಿಗೆ ಹಾರಿವೆಯೇ ಹೊರತು ಆ ಭಾನುವಾರ ಇಂದಿಗೂ ಹಾರಿಲ್ಲ.

ಆದಕಾರಣ ಅಮ್ಮ ಡ್ರೈವಿಂಗ್ ಶಾಲೆಗೆ ಸೇರಿದಳು. ತಮ್ಮ ಊರಿನಲ್ಲಿ ಕಾರಿನ ಗಾಜು ಒಡೆಯಲು ಬಂದರೆ ಸಾಕು, ಓಡಿಸುವ ಅರ್ಹತೆ ತಾನಾಗಿ ಬರುತ್ತದೆ. ನಮ್ಮ ಕೇರಳದಲ್ಲಿ ಮಾತ್ರ ಎಚ್ ಹಾಕಬೇಕು. ಅಂದರೆ, ಮೈದಾನದಲ್ಲಿ ಕಂಬಿ ನೆಟ್ಟು ರಿಬ್ಬನ್ ಕಟ್ಟಿರುತ್ತಾರೆ. ಅವುಗಳ ನಡುವೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಕಾರನ್ನು ಮುಂದಕ್ಕೂ ಹಿಂದಕ್ಕೂ ನಡೆಸಬೇಕು, ಕಂಬಿಗೆ ತಾಗಕೂಡದು, ನಡುವೆ ನಿಲ್ಲಕೂಡದು. ಅಮ್ಮ ಎರಡು ಬಾರಿ ತಾಗಿಸಿ ಬಂದಳು. ಕಲಿಕೆಯ ಲೈಸೆನ್ಸಿನ ಅವಧಿ ಈ ತಿಂಗಳಿಗೆ ಮುಗಿಯುತ್ತಿತ್ತು. ಅಪ್ಪ ಮರುಕದಿಂದಲೇ "ಬಿಡು ಭವಾನಿ, ಯಾಕೆ ಅಷ್ಟೊಂದು ಕಷ್ಟ? ಆಟೋ ಇಲ್ವಾ?" ಎಂದರು. ಅಮ್ಮ ಡ್ರೈವಿಂಗ್ ಶಾಲೆಯ ಆಶಾನ್‌ಗೆ, ಅಂದರೆ ಗುರುಗಳಿಗೆ, ಫೋನು ಮಾಡಿ ಮೂರನೆಯ ಸಲಕ್ಕೆ ಹೆಸರು ಬರೆಸಿದಳು.

ಅಷ್ಟರಲ್ಲಿ ನಾನು ಸ್ಟೀರಿಂಗ್ ಹೊತ್ತು ಬಂದೆ.

"ಇದು ಹಿಂದಕ್ಕೂ ಹೋಗತ್ತೇನೋ?" ಎಂದಳು ಅಮ್ಮ.

"ಹೋಗತ್ತೆ. ಆದ್ರೆ ಇದು ದರೋಡೆ ಕಾರಮ್ಮ."

"ಇರ್ಲಿ ಬಿಡು, ದರೋಡೆ ಮಾಡೋರಿಗೆ ರಿವರ್ಸ್ ಬೇಡ್ವಾ?"

ಮಹಾಶಯರೇ, ತಮ್ಮ ಇಡೀ ಸಾಮ್ರಾಜ್ಯದಲ್ಲಿ ಇಂಥ ತರ್ಕವನ್ನು ಯಾರೂ ಮಂಡಿಸಿರಲಾರರು. ಪರಿಣಾಮವಾಗಿ, ಇಡೀ ಬಂದರನ್ನೇ ನಡುಗಿಸುವ ತಮ್ಮ ಬಲಗೈಯಾದ ನಾನು, ತಮ್ಮ ಗೋದಾಮಿನ ಹಿಂದಿನ ಓಣಿಯಲ್ಲಿ ಕಳ್ಳಸಾರಾಯಿಯ ಪೀಪಾಯಿಗಳನ್ನು ಕಾರಿನ ಮೂತಿಯಿಂದ ನೂಕಿ ನೂಕಿ ಎಚ್ ಆಕಾರದಲ್ಲಿ ಜೋಡಿಸಿಕೊಟ್ಟೆ. ದರೋಡೆಗೆಂದು ಮುಸುಕು ಹಾಕಿ ಕುಳಿತಿದ್ದ ತಮ್ಮ ಬಂಟರು ಮೆಷಿನ್‌ಗನ್ ಹಿಡಿದು ಹಿಂದಿನ ಸೀಟಿನಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಾಡಿದರು. "ಪಾಪ, ಒತ್ಕೊಂಡು ಕೂತಿದಾರೆ. ಇಳಿದು ಕಾಫಿಗೀಫಿ ಕುಡಿಯೋಕೆ ಹೇಳೋ" ಎಂದು ಅಮ್ಮ ಮರುಗಿದಳು. ಕಾಲೇಜು ದಿನಗಳಲ್ಲಿ ತಮ್ಮ ಮೂಲ ಸಿನಿಮಾವನ್ನು ಫಿಲ್ಮ್ ಸೊಸೈಟಿಯಲ್ಲಿ ನೋಡಿ ಇಂದಿಗೂ ಭಕ್ತಿಯಿಟ್ಟುಕೊಂಡಿರುವ ಅಪ್ಪ ಹಿಂದೆ ನಿಂತು ಇಣುಕಿ, "ಸಿನಿಮಾದಲ್ಲಿ ಈ ದೃಶ್ಯ ಇಲ್ವಲ್ಲ" ಎಂದು ಬೇಸರಪಟ್ಟು ಹೋದರು.

ಪರೀಕ್ಷೆಯ ದಿನ ಅಮ್ಮ ಹಾಕಿದ ಎಚ್ ನೋಡಿ ಆಶಾನ್ ಕಣ್ಣೊರೆಸಿಕೊಂಡರು. ರಿಬ್ಬನ್ ಗಾಳಿಗೂ ಅಲುಗಲಿಲ್ಲ. ಉಳಿದದ್ದು ರಸ್ತೆಯಲ್ಲಿ ಓಡಿಸಿ ತೋರಿಸುವುದು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರು, ಅಮ್ಮ ಸೀಟ್ ಬೆಲ್ಟ್ ಹಾಕಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪಠ್ಯಪುಸ್ತಕದ ಶಿಸ್ತಿನಲ್ಲಿ ರಸ್ತೆಯ ಬಲಬದಿಗೆ ಹೊರಟಳು. ಎಚ್ ಮುಗಿಸಿ ಅವಳು ಸುತ್ತಾಡಿದ ತಮ್ಮ ಊರಿನ ಬೀದಿಗಳಲ್ಲಿ ಹಾಗೇ ಅಲ್ಲವೇ? ಎದುರಿಗೆ ಸರ್ಕಾರಿ ಬಸ್ಸು ಬರುತ್ತಿತ್ತು.

"ಚೇಚ್ಚೀ! ಲೆಫ್ಟ್! ಲೆಫ್ಟ್!" (ಚೇಚ್ಚಿ ಎಂದರೆ ಅಕ್ಕ) ಎಂಬ ಇನ್ಸ್‌ಪೆಕ್ಟರ ಕೂಗು ಮೈದಾನದಲ್ಲಿದ್ದ ನಮಗೂ ಕೇಳಿಸಿತು. ಶಾಲೆಯ ಕಾರಿನಲ್ಲಿ ಪಕ್ಕದವರಿಗೂ ಇರುವ ಬ್ರೇಕನ್ನು ಅವರೇ ಒತ್ತಿದರಂತೆ. ಉಸಿರು ಮರಳಿದ ಮೇಲೆ ಡ್ರೈವಿಂಗ್ ಎಲ್ಲಿ ಕಲಿತಿರಿ ಎಂದು ಕೇಳಿದಾಗ, ಸುಳ್ಳು ಹೇಳಿ ಗೊತ್ತಿಲ್ಲದ ಅಮ್ಮ ತಮ್ಮ ಶುಭನಾಮವನ್ನೇ ಹೇಳಿದಳು. ಇನ್ಸ್‌ಪೆಕ್ಟರ ಮಗನೂ ತಮ್ಮ ಬಂಟನೇ ಇರಬೇಕು. ಅವರು ತಲೆಯ ಮೇಲೆ ಕೈಯಿಟ್ಟು, ವಾರ ಬಿಟ್ಟು ಬನ್ನಿ, ಅದೇ ಕೊನೆ, ಅಲ್ಲಿಯವರೆಗೆ ಎಡಬದಿ ಅಭ್ಯಾಸ ಮಾಡಿ ಎಂದರು.

ಅಮ್ಮ ಮಾಡಿದಳು. ತಮ್ಮ ಊರಿನಲ್ಲೇ ಮಾಡಿದಳು.

ನಾನು ವರ್ಷವಿಡೀ ಮಾಡಿದ ಪಾತಕಗಳಿಗೆ ಬಾರದಷ್ಟು ಪೊಲೀಸರು, ಎಡಬದಿಯಲ್ಲಿ ನಿಧಾನಕ್ಕೆ, ಸಿಗ್ನಲ್ಲಿಗೆ ನಿಂತು, ತಿರುವಿನಲ್ಲಿ ಹಾರ್ನ್ ಮಾಡಿ ಹೋಗುತ್ತಿದ್ದ ಒಬ್ಬ ಗೃಹಿಣಿಯ ಹಿಂದೆ ಬಂದರು. ಎದುರು ಬಂದ ಲಾರಿಗಳು ಅಂಗಡಿಗಳೊಳಗೆ ನುಗ್ಗಿದವು. ಅಗ್ನಿಶಾಮಕ ದಳ ಬೆಂಕಿಗೆ ಬಿತ್ತು. "ಇವರಿಗೆಲ್ಲ ರೂಲ್ಸೇ ಗೊತ್ತಿಲ್ಲ ಕಣೋ" ಎನ್ನುತ್ತ ಅಮ್ಮ ತಮ್ಮ ಸ್ವಂತ ಅಂಗರಕ್ಷಕರ ಕಾರನ್ನು ಸೇತುವೆಯಿಂದ ಕೆಳಗೆ ಕಳಿಸಿದಳು. ಆಗ ತಾವು ಪರದೆಯ ಮೇಲೆ ಕಾಣಿಸಿಕೊಂಡು, ತಮ್ಮ ಗುಂಪೆಂಬ ಕುಟುಂಬಕ್ಕೆ ದ್ರೋಹ ಬಗೆದ ಆರೋಪದ ಮೇಲೆ ನನ್ನನ್ನು ಶಾಶ್ವತವಾಗಿ ಹೊರಹಾಕಿದಿರಿ. ಆಟ ತಾನಾಗಿಯೇ ಸೇವ್ ಆಗಿ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ನನ್ನ ಕುರ್ಚಿ ಹೋಯಿತು.

ಆದ್ದರಿಂದ ತಮ್ಮಲ್ಲಿ ವಿನಂತಿ: ತಮ್ಮ ನಗರದ ರಸ್ತೆಗಳನ್ನು ಕೂಡಲೇ ಎಡಬದಿಗೆ ಬದಲಾಯಿಸತಕ್ಕದ್ದು. ಗೋದಾಮಿನ ಹಿಂದೆ ಮಹಿಳೆಯರಿಗಾಗಿ ಶಾಶ್ವತ ಎಚ್ ಮೈದಾನ ಮಾಡಿಕೊಟ್ಟು, ಕಾಯುವ ಬಂಟರಿಗೆ ನೆರಳು ಮತ್ತು ಕಾಫಿಯ ಏರ್ಪಾಡು ಮಾಡತಕ್ಕದ್ದು. ದರೋಡೆಕೋರರು ಸೀಟ್ ಬೆಲ್ಟ್ ಹಾಕದಿರುವುದು ಅಮ್ಮನಿಗೆ ಬಹಳ ನೋವು ತಂದಿದೆಯಾದ್ದರಿಂದ ಆ ಕಡೆಗೂ ಗಮನ ಹರಿಸತಕ್ಕದ್ದು. ಮುಖ್ಯವಾಗಿ ನನ್ನ ಕುರ್ಚಿ ನನಗೆ ಕೊಡತಕ್ಕದ್ದು.

ಅಂದ ಹಾಗೆ, ಕಳೆದ ವಾರ ಅಮ್ಮ ಎಡಬದಿಯಲ್ಲೇ ಹೋಗಿ ಎಡಬದಿಯಲ್ಲೇ ಬಂದಳು. ಲೈಸೆನ್ಸ್ ಆಯಿತು. ಕೀಲಿ ಈಗ ಮೊಳೆಯಲ್ಲಿ ಇಲ್ಲ, ಅಮ್ಮನ ಕೈಚೀಲದಲ್ಲಿದೆ. ನಿನ್ನೆ ಬೆಳಿಗ್ಗೆ ಆಫೀಸಿನ ಬಸ್ಸು ತಪ್ಪಿಸಿಕೊಂಡ ಅಪ್ಪ, ತಮ್ಮ ದರ್ಬಾರಿನಲ್ಲಿ ಅಹವಾಲು ಹೇಳಲು ಬರುವವರ ಹಾಗೆಯೇ ಕೈ ಕಟ್ಟಿ ನಿಂತು, "ಭವಾನಿ, ಸ್ವಲ್ಪ ಬಿಟ್ಟು ಬರ್ತೀಯಾ?" ಎಂದರು. ಅಮ್ಮ ಕುರ್ಚಿಯಲ್ಲಿ ಒರಗಿ, ಕಾಫಿ ಒಂದು ಗುಟುಕು ಕುಡಿದು, ಮೆತ್ತಗೆ ಹೇಳಿದಳು:

"ಭಾನುವಾರ ನೋಡೋಣ."

ಡಾನ್ ಎಂದರೆ ಯಾರೆಂದು ನನಗೆ ಆಗ ತಿಳಿಯಿತು.

ಕುಟುಂಬದಿಂದ ಉಚ್ಚಾಟಿತನಾದರೂ ತಮ್ಮ ವಿಶ್ವಾಸಿ,
ಪ್ರಣವ್

ತಾ.ಕ.: ಅಮ್ಮ ಗೆದ್ದ ಆ ಮೂರನೆಯ ಎಚ್‌ನ ದಿನ ನಾನೂ ಅದೇ ಮೈದಾನದಲ್ಲಿ ಪರೀಕ್ಷೆಗೆ ನಿಂತಿದ್ದೆ ಎಂಬುದನ್ನು ಮೇಲೆ ಬರೆಯಲು ಮರೆತಿದ್ದೇನೆ. ತಮ್ಮ ಕೈಕೆಳಗೆ ವರ್ಷವಿಡೀ ಕಾರು ಹಾರಿಸಿದ ಈ ಬಂಟ ಮೊದಲ ರಿವರ್ಸಿನಲ್ಲೇ ಕಂಬಿ, ರಿಬ್ಬನ್ ಎರಡನ್ನೂ ಎಳೆದುಕೊಂಡು ಆಶಾನರ ಸ್ಕೂಟರಿನವರೆಗೆ ಹೋದ. ತಮ್ಮ ಶಾಲೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕೇ? ದಯವಿಟ್ಟು ಪೀಪಾಯಿಗಳನ್ನು ಓಣಿಯಲ್ಲಿ ಹಾಗೇ ಇರಲು ಬಿಡಿ. ಹೊಸ ಹೆಸರಿನಲ್ಲಿ ಮತ್ತೆ ಹರಿದ ಕೋಟು ತೊಟ್ಟು ಬರುತ್ತಿದ್ದೇನೆ. ಪಕ್ಕದಲ್ಲಿ ಅಮ್ಮ ಕೂತು ಕಲಿಸುತ್ತಾಳಂತೆ.