ತುರಿಮಣೆಯ ಪೇಟೆಂಟು

ಜಗತ್ತಿನ ದೊಡ್ಡ ದೊಡ್ಡ ಶೋಧಗಳೆಲ್ಲ ಸೋಮಾರಿಗಳ ಕೆಲಸವೆಂದು ನನಗೆ ಬಹಳ ದಿನಗಳಿಂದ ಅನುಮಾನ. ನಡೆಯಲು ಬೇಸರಪಟ್ಟವನು ಗಾಲಿ ಕಂಡುಹಿಡಿದ. ಈಜಲು ಒಲ್ಲದವನು ದೋಣಿ ಕಟ್ಟಿದ. ಬೀಸಣಿಗೆ ಬೀಸಿ ಕೈಸೋತವನ ಮೊಮ್ಮಗನೇ ಇರಬೇಕು, ವಿದ್ಯುತ್ತಿನ ಪಂಖ ಮಾಡಿದ್ದು. ಈ ಲೆಕ್ಕದಲ್ಲಿ ನಾನು ಎಂದೋ ಒಂದು ಶೋಧ ಮಾಡಿರಬೇಕಾಗಿತ್ತು. ಬೇಕಾದ ಮೂಲಗುಣ ನನ್ನಲ್ಲಿ ಹೇರಳವಾಗಿದೆ. ಆದರೆ ಸೋಮಾರಿತನವೂ ಒಂದು ಹದದಲ್ಲಿರಬೇಕು. ಅತಿಯಾದರೆ ಶೋಧಿಸುವುದಕ್ಕೂ ಬೇಸರವಾಗುತ್ತದೆ. ಹಾಗಾಗಿ ಭಟ್ಕಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ, ಬೇರೆಯವರು ಕಂಡುಹಿಡಿದದ್ದನ್ನು ಮಕ್ಕಳಿಗೆ ಹೇಳಿಕೊಡುತ್ತ ನೆಮ್ಮದಿಯಾಗಿದ್ದೆ. ನನ್ನನ್ನು ಶೋಧಕನನ್ನಾಗಿ ಮಾಡಿದ್ದು ನನ್ನ ಹೆಂಡತಿ ಶಾರದೆಯ ಹೆಬ್ಬೆರಳು.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ರಾಜ್ಯ ಬದಲಾದರೂ ಅಡುಗೆಮನೆ ಬದಲಾಗಿರಲಿಲ್ಲ. ನಮ್ಮ ಕಡೆ ತೆಂಗಿನಕಾಯಿ ಬೀಳದ ಪದಾರ್ಥವನ್ನು ಪದಾರ್ಥವೆಂದು ಕರೆಯುವ ವಾಡಿಕೆಯೇ ಇಲ್ಲ. ಹುಳಿಗೆ ಕಾಯಿ, ತಂಬುಳಿಗೆ ಕಾಯಿ, ದೋಸೆಗೆ ಕಾಯಿ, ದೋಸೆಯ ಜೊತೆಗಿನ ಚಟ್ನಿಗೂ ಕಾಯಿ. ಅದನ್ನೆಲ್ಲ ತುರಿಯುವುದು ತುರಿಮಣೆಯ ಮೇಲೆ ಕುಳಿತು, ಹಲ್ಲುಹಲ್ಲಾದ ಕಬ್ಬಿಣದ ನಾಲಿಗೆಗೆ ಕಾಯಿಯ ಹೋಳನ್ನು ಉಜ್ಜುತ್ತ. ಒಂದು ಬೆಳಗ್ಗೆ ಆ ನಾಲಿಗೆ ಕಾಯಿಯನ್ನು ಬಿಟ್ಟು ಶಾರದೆಯ ಹೆಬ್ಬೆರಳಿನ ರುಚಿ ನೋಡಿತು. ಬಟ್ಟೆ ಕಟ್ಟಿಕೊಂಡು ಅವಳು ಗೋಡೆಗೊರಗಿ ಕುಳಿತಳು. ತುರಿಮಣೆಯ ಮೇಲೆ ನಾನು ಕುಳಿತೆ. ನಾನು ತುರಿದದ್ದರಲ್ಲಿ ಅರ್ಧ ತುರಿಯಾದರೆ ಅರ್ಧ ಗರಟೆಯ ಪುಡಿ. ಅದನ್ನು ನೋಡಿ ಅವಳು ಹೇಳಿದಳು: “ಶಾಲೆಯಲ್ಲಿ ಮಕ್ಕಳಿಗೆ ಗಾಲಿ, ರಾಟೆ, ಸನ್ನೆ ಹೇಳಿ ಎಂತೆಂತದೋ ಕಲಿಸ್ತ್ರಲ. ಈ ಕಾಯಿ ತುರಿಯಲೆ ಒಂದು ಗಾಲಿ ಇಲ್ಲೆ?”

ನಾನು ಸಮಾಧಾನದ ಮನುಷ್ಯ, ಬೈಗಳನ್ನು ಬೈಗಳಂತೆಯೇ ಸ್ವೀಕರಿಸುವವನು. ಆದರೆ ಆ ದಿನ ಅದು ಬೈಗಳೋ ಪ್ರಶ್ನೆಯೋ ಎಂದು ತಿಳಿಯದೆ ತಲೆಯಲ್ಲಿ ಉಳಿದುಬಿಟ್ಟಿತು. ಕಾಯಿ ಹಲ್ಲಿನ ಮೇಲೆ ಓಡಾಡುವ ಬದಲು ಹಲ್ಲೇ ಕಾಯಿಯೊಳಗೆ ತಿರುಗಿದರೆ? ಪಾಠ ಮಾಡುತ್ತಲೇ ಬೋರ್ಡಿನ ಮೇಲೆ ಒಂದು ಚಿತ್ರ ಬರೆದೆ. ಸಂಜೆ ಅದೇ ಚಿತ್ರವನ್ನು ಕಾಗದಕ್ಕಿಳಿಸಿ ಪೇಟೆಗೆ ಹೋದೆ.

ಪೇಟೆಯಲ್ಲಿ ಇಸ್ಮಾಯಿಲ್ ಸಾಹೇಬರದು ಹೊಲಿಗೆಯಂತ್ರ ರಿಪೇರಿಯ ಅಂಗಡಿ. ಮುಂಬಯಿಯಲ್ಲಿ ಕೆಲಸ ಕಲಿತು ಬಂದವರು, ಅದನ್ನು ಭಟ್ಕಳ ಮರೆಯದಂತೆ ನೋಡಿಕೊಂಡವರು. ಅವರ ಪ್ರಕಾರ ಯಂತ್ರಗಳಲ್ಲಿ ಎರಡೇ ಬಗೆ: ಅವರು ಸರಿಮಾಡಿದ್ದು, ಇನ್ನೂ ಅವರ ಕೈಗೆ ಬಾರದ್ದು. ನನ್ನ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಇದೆಂತ ಮಾಸ್ತರೇ, ಏಡಿಯ ಚಿತ್ರವಾ?” ಎಂದರು. ವಿವರಿಸಿದೆ. ಕಣ್ಣು ಅರಳಿಸಿದರು. “ಆತು, ತಿಳೀತು. ನಿಮ್ಮ ಏಡಿ ಬಿಡಿ. ಕೈಯಲ್ಲಿ ತಿರುಗಿಸೋ ಹಳೇ ಹೊಲಿಗೆಯಂತ್ರದ ಚಕ್ರ ನನ್ನ ಹತ್ರ ಬಿದ್ದಿದೆ. ನೋಡ್ತಾ ಇರಿ ನೀವು!”

ನೋಡುತ್ತ ಇದ್ದೆ. ಮೊದಲ ಪರೀಕ್ಷೆ ಅಂಗಡಿಯ ಬಾಗಿಲಲ್ಲೇ ನಡೆಯಿತು. ಸಾಹೇಬರು ಹಿಡಿಕೆ ತಿರುಗಿಸಿದರು. ಹಲ್ಲಿನ ಉಂಡೆ ಗಿರ್ರನೆ ತಿರುಗಿತು. ನಾನು ಕಾಯಿಯ ಹೋಳನ್ನು ಒತ್ತಿ ಹಿಡಿದೆ. ತುರಿ ಬಂತು. ಬಂದದ್ದೇನೋ ನಿಜ, ಆದರೆ ಪಾತ್ರೆಗೆ ಬರಲಿಲ್ಲ. ಸಾಹೇಬರ ಟೋಪಿಗೆ, ನನ್ನ ಕನ್ನಡಕಕ್ಕೆ, ಪಕ್ಕದ ಜವಳಿ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದ ಹೆಂಗಸರ ಮೇಲೆ ಅಕ್ಷತೆಯಂತೆ ಬಿತ್ತು. ಜವಳಿಯ ಶೆಟ್ಟರು ಬಟ್ಟೆಗಳ ಮೇಲೆ ಪರದೆ ಎಳೆದರು. ಯಂತ್ರವನ್ನು ಮನೆಗೆ ತಂದಾಗ ಶಾರದೆ ಅದಕ್ಕೆ ಒಂದು ಸುತ್ತು ಹಾಕಿ ನೋಡಿ, ಎಣ್ಣೆಯ ಹಳೆಯ ತಗಡಿನ ಡಬ್ಬ ತಂದಿಟ್ಟು, “ಇದನ್ನ ಕತ್ತರಿಸಿ ಮೇಲಿಂದ ಮುಚ್ಚಲಕ್ಕು. ಬಾಯಿ ಕೆಳಗೆ ಇರಲಿ” ಎಂದಳು. ಹಾಗೆ ಮಾಡಿದ ಮೇಲೆ ತುರಿ ತಲೆಬಾಗಿ ಪಾತ್ರೆಗೆ ಇಳಿಯಿತು. ಯಂತ್ರದಲ್ಲಿ ಒಂದು ಕಾಯಿ ಮುಗಿಯುವಷ್ಟು ಹೊತ್ತು, ತುರಿಮಣೆಯಾದರೆ ಸೆರಗು ಸರಿಮಾಡಿಕೊಂಡು ಕೂರುವುದಕ್ಕೇ ಬೇಕಾಗುತ್ತಿತ್ತು.

ಆಮೇಲೆ ನಮ್ಮ ಮೂವರಿಗೂ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಸಾಹೇಬರು ಯಂತ್ರವನ್ನು ಅಂಗಡಿಯ ಮುಂದಿಟ್ಟು ಬಂದವರಿಗೆಲ್ಲ ತಿರುಗಿಸಿ ತೋರಿಸಿದರು. ನಾನು ಅದನ್ನು ತರಗತಿಗೆ ಒಯ್ದು ‘ಸರಳ ಯಂತ್ರಗಳು’ ಎಂಬ ಪಾಠವನ್ನು ವಾರಗಟ್ಟಲೆ ಎಳೆದೆ. ಶಾಲೆಯ ವಾರ್ಷಿಕ ಸಮಾರಂಭದಲ್ಲಿ ತಾಲೂಕಿನ ಮಾಮಲೇದಾರರೇ ಹಿಡಿಕೆ ತಿರುಗಿಸಿದರು. ಶಾರದೆ ಮುಟ್ಟಳ್ಳಿಯ ಮದುವೆಮನೆಯೊಂದಕ್ಕೆ ಅದನ್ನು ಹೊರಿಸಿಕೊಂಡು ಹೋಗಿ, ಅಡುಗೆಭಟ್ಟರೆದುರು ಪ್ರಯೋಗ ನಡೆಸಿ, ಮದುಮಗಳಿಗಿಂತ ಹೆಚ್ಚು ಜನರಿಂದ ನೋಡಿಸಿಕೊಂಡು ಬಂದಳು. ಆಗ ಜವಳಿಯ ಶೆಟ್ಟರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: “ಮಾಸ್ತರೇ, ಇದಕ್ಕೆ ಪೇಟೆಂಟು ಮಾಡಿಸಿ. ಇಲ್ಲದಿದ್ದರೆ ಯಾರಾದರೂ ಹಾರಿಸಿಕೊಂಡು ಹೋಗ್ತಾರೆ.”

ಅಲ್ಲಿಯವರೆಗೆ ನನಗೆ ಗೊತ್ತಿದ್ದ ಪೇಟೆಂಟು ಎಂದರೆ ಪೇಟೆಂಟ್ ಔಷಧಿ. ಕೆಮ್ಮಿಗೂ ಕುಡಿಯಬಹುದು, ಹೊಟ್ಟೆನೋವಿಗೂ ಕುಡಿಯಬಹುದು. ಕುಮಟೆಯಲ್ಲಿ ಶಾರದೆಯ ಸೋದರಮಾವನ ನೆರೆಯವರು ನಾಗೇಶರಾಯರೆಂಬ ವಕೀಲರು, ಬಹಳ ಕಾಲ ಮುಂಬಯಿಯಲ್ಲಿ ಶೋಧಗಳ ಪೇಟೆಂಟಿನ ಕೆಲಸವನ್ನೇ ಮಾಡಿ ಊರಿಗೆ ಮರಳಿದವರು. ಒಂದು ರಜೆಯ ದಿನ ಯಂತ್ರವನ್ನು ಗೋಣಿಯಲ್ಲಿ ಸುತ್ತಿಕೊಂಡು ಮೂವರೂ ಹೊರಟೆವು.

ಹೊನ್ನಾವರದ ಈಚೆ ದಡದ ಕಾಸರಕೋಡಿನಲ್ಲಿ ಬಸ್ಸಿಳಿದು, ಶರಾವತಿ ದಾಟಲು ಲಾಂಚು ಹತ್ತಿದೆವು. ಹೊಳೆ ಅಲ್ಲಿ ಸಮುದ್ರವೇ ಆಗಲು ಅವಸರ ಮಾಡುತ್ತಿರುತ್ತದೆ. ದಾಟಲು ಹೊತ್ತು ಹಿಡಿಯುತ್ತದೆ. ಹೊತ್ತಿದ್ದಲ್ಲಿ ಜನಕ್ಕೆ ಕುತೂಹಲ. ಬುಟ್ಟಿ ಹಿಡಿದು ಕುಳಿತಿದ್ದ ಮೀನು ಮಾರುವ ಹೆಂಗಸೊಬ್ಬಳು ಗೋಣಿಯನ್ನು ಕಾಲಲ್ಲಿ ಮುಟ್ಟಿ, “ಇದೆಂತದ್ರಾ, ತೋಪಾ?” ಎಂದಳು. ತಮ್ಮ ಯಂತ್ರವನ್ನು ಫಿರಂಗಿ ಎಂದರೆ ಸಾಹೇಬರು ಸುಮ್ಮನಿರುತ್ತಾರೆಯೇ? ಗೋಣಿ ಬಿಚ್ಚಿದರು. ಯಾರದೋ ಚೀಲದಿಂದ ಕಾಯಿ ಬಂತು, ಯಾರದೋ ಕತ್ತಿ ಅದನ್ನು ಒಡೆಯಿತು, ಯಂತ್ರ ತಿರುಗಿತು. ಲಾಂಚಿನ ತುಂಬ ಜನ ತುರಿ ತಿಂದರು. ಹೊನ್ನಾವರದ ಕಮ್ಮಾರನೊಬ್ಬ ಮಾತ್ರ ತುರಿ ತಿನ್ನಲಿಲ್ಲ. ಬಗ್ಗಿ ಕುಳಿತು, ಹಲ್ಲು ಎಲ್ಲಿ ಕೂತಿದೆ, ಚಕ್ರ ಎಲ್ಲಿ ಸೇರಿದೆ ಎಂದು ಕೇಳಿದ. ನಾನು ಮಾಸ್ತರ. ಯಾರಾದರೂ ಕೇಳಿದರೆ ಹೇಳದೆ ಇರುವುದು ನನ್ನ ಜಾತಕದಲ್ಲಿಲ್ಲ. ಅವನಿಗೆ ಬಿಡಿಸಿ ಬಿಡಿಸಿ ಹೇಳಿದೆ.

ನಾಗೇಶರಾಯರು ಜಗಲಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಯಂತ್ರವನ್ನು ನೋಡಿ ನಿಜವಾಗಿಯೂ ಮೆಚ್ಚಿದರು. “ನೋಡಿ ಮಾಸ್ತರೇ, ಗದ್ದೆ ತೋಟ ಹೇಗೆ ಆಸ್ತಿಯೋ, ತಲೆಯಿಂದ ಹುಟ್ಟಿದ್ದೂ ಹಾಗೇ ಆಸ್ತಿ. ಪೇಟೆಂಟು ಅಂದರೆ ಅದಕ್ಕೆ ಸರಕಾರ ಹಾಕಿಕೊಡುವ ಬೇಲಿ. ಕಲ್ಕತ್ತೆಯ ಕಚೇರಿಗೆ ಅರ್ಜಿ ಹೋಗಬೇಕು. ಮಂಜೂರಾದರೆ ಹದಿನಾರು ವರ್ಷ ನಿಮ್ಮ ಅಪ್ಪಣೆಯಿಲ್ಲದೆ ಈ ದೇಶದಲ್ಲಿ ಯಾರೂ ಇದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಆದರೆ ಯಂತ್ರ ಹೇಗೆ ಮಾಡುವುದು ಎಂಬುದನ್ನು ಏನೂ ಮುಚ್ಚಿಡದೆ ನೀವು ಬರೆದುಕೊಡಬೇಕು. ಅದು ಅಚ್ಚಾಗುತ್ತದೆ, ಯಾರು ಬೇಕಾದರೂ ಓದಬಹುದು.”

“ಅಂದರೆ ಯಾರೂ ಮಾಡಬಾರದು ಅಂತ ಎಲ್ಲರಿಗೂ ಮಾಡೋದು ಹೇಗೆ ಅಂತ ಹೇಳಿಕೊಡೋದಾ?” ಎಂದರು ಸಾಹೇಬರು.

“ಅದೇ ಒಪ್ಪಂದ. ನೀವು ಗುಟ್ಟು ಕೊಡ್ತೀರಿ, ಸರಕಾರ ಹಕ್ಕು ಕೊಡುತ್ತದೆ. ಅವಧಿ ಮುಗಿದ ಮೇಲೆ ಅದು ಊರಿನ ಸೊತ್ತು.” ರಾಯರು ಲೇಖನಿಯ ಮುಚ್ಚಳ ತೆಗೆದರು. “ಇರಲಿ. ಮೊದಲು ಹೇಳಿ, ನಿಜವಾದ ಶೋಧಕರು ಯಾರು?”

ಅಷ್ಟು ಹೊತ್ತು ಒಂದೇ ಬೆಂಚಿನ ಮೇಲೆ ಕುಳಿತಿದ್ದ ನಾವು ಸ್ವಲ್ಪ ಸ್ವಲ್ಪ ಸರಿದೆವು. ವಿನಯದಿಂದ ನಾನು, “ಚಿತ್ರ ಬರೆದವನು ನಾನು” ಎಂದೆ.

“ಏಡಿ!” ಎಂದರು ಸಾಹೇಬರು. “ರಾಯರೇ, ಇವರ ಚಿತ್ರ ಇಟ್ಕೊಂಡು ಯಂತ್ರ ಮಾಡಿದ್ರೆ ಅದು ಕಾಯಿ ತುರೀತಿರಲಿಲ್ಲ, ಕಚ್ಚುತಿತ್ತು. ಚಕ್ರ ನನ್ನದು, ಹಲ್ಲು ನನ್ನದು, ಕೈ ನನ್ನದು. ಇಸ್ಮಾಯಿಲ್ ಅಂತ ಮೊದಲು ಬರೀರಿ.”

ಶಾರದೆ ಕಟ್ಟು ಬಿಚ್ಚಿದ್ದ ಹೆಬ್ಬೆರಳನ್ನು ರಾಯರ ಮುಂದೆ ಹಿಡಿದಳು. “ಗಾಲಿ ಬೇಕು ಹೇಳಿ ಹೇಳಿದ್ದು ಯಾರು? ಡಬ್ಬ ಮುಚ್ಚಿಸಿದ್ದು ಯಾರು? ಅದಿಲ್ದೆ ಇದ್ರೆ ಇವರಿಬ್ಬರೂ ಇನ್ನೂ ಪೇಟೆಯಲ್ಲಿ ತುರಿ ಹೆಕ್ಕತಾ ಇರ್ತಿದ್ರು.”

ರಾಯರು ತಾಳ್ಮೆಯ ಮನುಷ್ಯ. ‘ಇಂಥದೊಂದು ಇದ್ದರೆ ಚೆನ್ನಾಗಿತ್ತು’ ಎಂಬ ಆಸೆಗೆ ಪೇಟೆಂಟು ಇಲ್ಲವೆಂದೂ, ಹೇಳಿದ್ದನ್ನು ಹೇಳಿದಂತೆ ಮಾಡಿಕೊಟ್ಟ ಮಾತ್ರಕ್ಕೆ ಶೋಧಕನಾಗುವುದಿಲ್ಲವೆಂದೂ, ಆದರೆ ಮೂವರೂ ತಲೆ ಓಡಿಸಿದ್ದರೆ ಮೂವರ ಹೆಸರನ್ನೂ ಹಾಕಬಹುದೆಂದೂ ಬಿಡಿಸಿ ಹೇಳಿದರು. ಹಾಕಬಹುದು, ಆದರೆ ಯಾರದು ಮೊದಲು? ವಯಸ್ಸಿನ ಪ್ರಕಾರ ಎಂದರು ಸಾಹೇಬರು. ವಿದ್ಯೆಯ ಪ್ರಕಾರ ಎಂದೆ ನಾನು. ಗಾಯದ ಪ್ರಕಾರ ಎಂದಳು ಶಾರದೆ. ಮಾತು ಬೆಳೆಯಿತು. ಸಾಹೇಬರು ಚಕ್ರವನ್ನು ಬಿಚ್ಚಿ ಒಯ್ಯುತ್ತೇನೆಂದರು. ಶಾರದೆ ಡಬ್ಬವನ್ನು ಕಳಚಿಕೊಳ್ಳುತ್ತೇನೆಂದಳು. ನನ್ನ ಪಾಲಿಗೆ ಒಯ್ಯಲು ಏನೂ ಉಳಿಯುವುದಿಲ್ಲವೆಂದು ಆಗ ಹೊಳೆದು, ನಾನು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದೆ. ದಿನಾ ಸಂಜೆ ಯಾರ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಹರಟುತ್ತಿದ್ದೆನೋ, ಆ ಮನುಷ್ಯನನ್ನು ‘ಬರೀ ರಿಪೇರಿಯವನು’ ಎಂದುಬಿಟ್ಟೆ. ಸಾಹೇಬರು ಚಕ್ರದ ಕಡೆ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡು, ಬೆಂಚಿನ ತುದಿಗೆ ಸರಿದು ಕುಳಿತರು.

ಜಗಳ ತಣಿಸಲೆಂದು ರಾಯರು ಬೇರೆ ಪ್ರಶ್ನೆಗೆ ಹೊರಳಿದರು. “ಅದು ಆಮೇಲೆ ನೋಡೋಣ. ಇದನ್ನು ಹೊರಗಿನವರು ಯಾರಾದರೂ ನೋಡಿದ್ದಾರೆಯೇ?”

ಯಂತ್ರದ ಯೋಗ್ಯತೆಗೆ ಸಾಕ್ಷಿ ಕೇಳುತ್ತಿದ್ದಾರೆಂದು ನಾವು ಮೂವರೂ ಎದೆಯುಬ್ಬಿಸಿದೆವು. “ಇಡೀ ಭಟ್ಕಳ ನೋಡಿದೆ!” ಎಂದರು ಸಾಹೇಬರು, ಬೆಂಚಿನ ತುದಿಯಿಂದಲೇ. “ಮಾಮಲೇದಾರರು ತಮ್ಮ ಕೈಯಾರೆ ತಿರುಗಿಸಿದ್ದಾರೆ” ಎಂದೆ ನಾನು. “ಮದುವೆಮನೆಯಲ್ಲಿ ನೋಡದೇ ಇದ್ದವ್ವು ಯಾರೂ ಇಲ್ಲೆ” ಎಂದಳು ಶಾರದೆ. ಲಾಂಚಿನ ಕಮ್ಮಾರ ಎಷ್ಟು ಆಸಕ್ತಿಯಿಂದ ಕೇಳಿದ ಎಂಬುದನ್ನು ನಾನು ಮೇಲಿಂದ ಸೇರಿಸಿದೆ.

ರಾಯರು ಲೇಖನಿಯ ಮುಚ್ಚಳ ಹಾಕಿದರು.

“ಬೇಲಿ ಹಾಕುವ ಮೊದಲೇ ಊರ ದನವನ್ನೆಲ್ಲ ಕರೆದು ಮೇಯಿಸಿ ಬಂದಿದ್ದೀರಿ” ಎಂದರು. ಹೊಸದಾದದ್ದಕ್ಕೆ ಮಾತ್ರ ಪೇಟೆಂಟು. ಅರ್ಜಿಗೆ ಮೊದಲೇ ಜನ ನೋಡಿ, ಬಳಸಿ, ತಿಳಿದುಕೊಂಡ ಮೇಲೆ ಅದು ಕಾನೂನಿನ ಕಣ್ಣಿಗೆ ಹಳತು. ಸರಕಾರ ಒಪ್ಪಿದ ಕೈಗಾರಿಕಾ ಪ್ರದರ್ಶನವಾದರೆ ಮೊದಲೇ ತಿಳಿಸಿ ತೋರಿಸಲು ಒಂದು ದಾರಿ ಇದೆಯಂತೆ. ಶಾಲೆಯ ಸಮಾರಂಭಕ್ಕೆ ಇಲ್ಲ, ಮಾಮಲೇದಾರರು ಬಂದರೂ ಇಲ್ಲ. ಯಂತ್ರ ಪೂರ್ತಿಯಾಗದಿದ್ದರೂ ಒಂದು ತಾತ್ಕಾಲಿಕ ವಿವರಣೆ ಕಳಿಸಿ ಆ ತಾರೀಖಿನಿಂದಲೇ ಹಕ್ಕನ್ನು ಕಾದಿರಿಸಿಕೊಳ್ಳಬಹುದಿತ್ತು. ಆಮೇಲೆ ಬೇಕಾದಷ್ಟು ತೋರಿಸಬಹುದಿತ್ತು. ಈಗ ಉಳಿದದ್ದು ಒಂದೇ ಸಮಾಧಾನ. ಒಂದು ಹೆಸರಿಟ್ಟು ಮಾರಿದರೆ ಆ ಹೆಸರನ್ನು ಟ್ರೇಡ್ ಮಾರ್ಕು ಮಾಡಿಸಬಹುದು. ಯಂತ್ರವನ್ನು ಯಾರು ಬೇಕಾದರೂ ಮಾಡಬಹುದು, ಹೆಸರನ್ನು ಮಾತ್ರ ಕದಿಯುವಂತಿಲ್ಲ. ‘ಹೆಸರು’ ಎಂಬ ಶಬ್ದ ಕೇಳಿದೊಡನೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿ, ಅದು ಬೇಡವೆಂದು ಒಮ್ಮತದಿಂದ ತೀರ್ಮಾನಿಸಿದೆವು. ಅಂದು ನಾವು ಒಪ್ಪಿದ ಸಂಗತಿ ಅದೊಂದೇ. ಒಳಗಿನಿಂದ ರಾಯರ ಹೆಂಡತಿ ಬಂದು, “ಕಾನೂನು ಮುಗಿದಿದ್ದರೆ ಆ ಯಂತ್ರ ಒಳಗೆ ಕೊಡಿ, ಊಟಕ್ಕೆ ಕಾಯಿ ತುರಿಯಬೇಕು” ಎಂದರು.

ತಿರುಗಿ ಬರುವಾಗ ಲಾಂಚಿನಲ್ಲಿ ಸಾಹೇಬರು ಒಂದು ಕೊನೆ, ನಾನು ಒಂದು ಕೊನೆ. ಗೋಣಿ ನಡುವೆ. ಪೇಟೆಂಟು ಹೋದದ್ದಕ್ಕೆ ನನಗೇನೂ ಅಷ್ಟು ವ್ಯಥೆ ಇರಲಿಲ್ಲ. ಇಲ್ಲದ್ದು ಹೋದರೆ ಎಷ್ಟು ಹೋದೀತು? ಆದರೆ ನಾಳೆ ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲಿ ಹೋಗಿ ಕೂರುವುದು ಎಂಬುದು ದೊಡ್ಡ ಪ್ರಶ್ನೆಯಾಗಿ ಕಾಡಿತು. ನಡುಹೊಳೆಯಲ್ಲಿ ಎದ್ದುಹೋಗಿ ಅವರ ಪಕ್ಕ ಕುಳಿತೆ. “ಸಾಹೇಬರೇ, ನಾನು ಆ ಮಾತು ಆಡಬಾರದಿತ್ತು” ಎಂದೆ.

ಸಾಹೇಬರು ನೀರನ್ನೇ ನೋಡುತ್ತ, “ಮಾಸ್ತರೇ, ನಿಮ್ಮ ಹೆಸರು ಮೊದಲು ಹಾಕಿಸೋಣ ಅಂತ ಈಗ ಮನಸ್ಸು ಮಾಡಿದೆ ನಾನು” ಎಂದರು. ಮತ್ತೆ ನನ್ನ ಕಡೆ ತಿರುಗಿ, “ಹಾಕೋಕೆ ಕಾಗದವೇ ಇಲ್ಲ, ಅದಕ್ಕೇ ಧಾರಾಳ ಮನಸ್ಸು ಬಂತು” ಎಂದು ಲಾಂಚು ಅಲುಗುವಂತೆ ನಕ್ಕರು. ಶಾರದೆ ಇತ್ತ ತಿರುಗಿ, “ಇಬ್ಬರಿಗೂ ಬುದ್ಧಿ ಇಲ್ಲೆ” ಎಂದಳು. ನಮ್ಮ ಬುದ್ಧಿಯಿಂದ ಹುಟ್ಟಿದ ಆಸ್ತಿಯ ವಿಚಾರ ಅಲ್ಲಿಗೆ ಇತ್ಯರ್ಥವಾಯಿತು.

ಹೊನ್ನಾವರದ ಕಮ್ಮಾರ ಮಳೆಗಾಲಕ್ಕೆ ಮೊದಲೇ ಅಂಥ ಯಂತ್ರಗಳನ್ನು ಮಾಡಿ ಮಾರತೊಡಗಿದ. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯುವ ಒಂದು ಹಿಡಿತವನ್ನು ಅವನು ಸೇರಿಸಿದ್ದ. ಸಾಹೇಬರು ಅದನ್ನು ನೋಡಿ, “ಕಳ್ಳ!” ಎಂದು ಹಲ್ಲು ಕಡಿದು, ಮರುವಾರವೇ ತಾವು ಮಾಡಿ ಮಾರುತ್ತಿದ್ದ ಯಂತ್ರಗಳಿಗೂ ಅಂಥದೇ ಹಿಡಿತ ಕೂರಿಸಿದರು. ಜನ ಇಬ್ಬರ ಹತ್ತಿರವೂ ಕೊಂಡರು. ಊರಿನ ಹೆಬ್ಬೆರಳುಗಳಿಗೆ ಒಳ್ಳೆಯದಾಯಿತು.

ನಮ್ಮ ಮನೆಯ ಯಂತ್ರ ಈಗಲೂ ಚೆನ್ನಾಗಿ ತಿರುಗುತ್ತದೆ. ಮೊನ್ನೆ ಪಕ್ಕದ ಮನೆಯಾಕೆ ಬಂದವಳು, ನಾನು ಬೆವರು ಒರೆಸಿಕೊಳ್ಳುತ್ತ ಹಿಡಿಕೆ ತಿರುಗಿಸುತ್ತಿರುವುದನ್ನು ಕಂಡು ಕನಿಕರದಿಂದ, “ಮಾಸ್ತರೇ, ಏಳಿ, ನಾನು ಸ್ವಲ್ಪ ತಿರುಗಿಸ್ತೆ” ಎಂದಳು. ನಾನು ಏಳುವಷ್ಟರಲ್ಲಿ ಶಾರದೆ ಒಲೆಯ ಹತ್ತಿರದಿಂದಲೇ ಅಡ್ಡ ಬಂದಳು: “ಬ್ಯಾಡದೇ! ಅದು ಅವರು ಕಂಡುಹಿಡಿದ ಯಂತ್ರ. ಬೇರೆಯವು ಮುಟ್ಟಲಾಗ.” ಪಕ್ಕದಮನೆಯಾಕೆ ಕೈ ಹಿಂದೆಗೆದಳು. ಕಲ್ಕತ್ತೆಯ ಕಚೇರಿಗೆ ಸಾಧ್ಯವಾಗದ್ದನ್ನು ನಮ್ಮ ಅಡುಗೆಮನೆ ಸಾಧಿಸಿತ್ತು. ನಾನು ಇನ್ನೊಂದು ಹೋಳು ತೆಗೆದುಕೊಂಡೆ.